ಮೊದಲ ದಿನದ ನಮೂನೆ

ಪರಪ್ಪನಿಗೆ ಎಲ್ಲ ಬರುತ್ತಿತ್ತು, ಬೆಲೆ ಹೇಳುವುದೊಂದು ಬರುತ್ತಿರಲಿಲ್ಲ. ಎರಡು ಬೆರಳಗಲದ ಮಾಸಿದ ಫೋಟೋ ಕೊಟ್ಟರೆ ಸಾಕು, ಗೋಡೆಗೆ ತೂಗುಹಾಕಿ ಹಾರ ಹಾಕುವಂಥ ಭಾವಚಿತ್ರ ಬರೆದುಕೊಡುತ್ತಿದ್ದ. ಸತ್ತ ಅಜ್ಜನ ಮೀಸೆಯ ಒಂದು ಕೂದಲೂ ಆಚೀಚೆ ಆಗುತ್ತಿರಲಿಲ್ಲ. ಆದರೆ ಗಿರಾಕಿ "ಎಷ್ಟಾತಪಾ?" ಎಂದು ಕೇಳಿದ ಕೂಡಲೇ ಅವನ ಕತ್ತು ಬಗ್ಗುತ್ತಿತ್ತು, ಕಿವಿ ಕೆಂಪಗಾಗುತ್ತಿತ್ತು, ಬಾಯಿಂದ ಹೊರಡುತ್ತಿದ್ದದ್ದು ಒಂದೇ ಮಾತು: "ನಿಮಗ ತಿಳದಷ್ಟು ಕೊಡ್ರಿ." ಜನರಿಗೆ ತಿಳಿಯುವುದು ಎಷ್ಟು ಕಡಿಮೆ ಎಂಬುದು ಇಪ್ಪತ್ನಾಲ್ಕು ವರ್ಷದ ಆ ಪ್ರಾಣಿಗೆ ಇನ್ನೂ ಗೊತ್ತಾಗಿರಲಿಲ್ಲ.

ಬಿಜಾಪುರದ ಕಡೆಯಿಂದ ಬಂದವರು ಅಕ್ಕ ತಮ್ಮ ಇಬ್ಬರೇ. ಧಾರಾವಿಯ ಒಂದು ಖೋಲಿ ಅವರ ಮನೆ. ಅಕ್ಕ ಮಲ್ಲಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವಳು, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು ತಮ್ಮನನ್ನು ಸಾಕಿದವಳು. ಬೆಳಿಗ್ಗೆ ಆರಕ್ಕೆ, ಕೂಲಿಯವರು ಸೇರುವ ರಸ್ತೆ ಮೂಲೆಯ ನಾಕಾದಲ್ಲಿ ಇತರ ಹೆಂಗಸರ ಜೊತೆ ಬುಟ್ಟಿ ಹಿಡಿದು ನಿಲ್ಲುತ್ತಿದ್ದಳು. ಕಂತ್ರಾಟುದಾರನ ಟ್ರಕ್ಕು ಬಂದು ನಿಂತರೆ ಯಾರೂ ಓಡಿಹೋಗಿ ಹತ್ತುತ್ತಿರಲಿಲ್ಲ. ಮೊದಲು ಇವತ್ತಿನ ಪಗಾರ ಎಷ್ಟು ಎಂಬ ಮಾತು, ಆಮೇಲೆ ಟ್ರಕ್ಕು. ಮಾತಾಡದೆ ಹತ್ತಿದವಳನ್ನು ಸಂಜೆ ಎಲ್ಲಿ ಇಳಿಸುತ್ತಾರೆ ಎಂಬುದಕ್ಕೆ ಗ್ಯಾರಂಟಿ ಇಲ್ಲ ಎಂದು ಅವರಲ್ಲಿ ಹೇಳುತ್ತಿದ್ದರು.

ಪರಪ್ಪನಿಗೆ ಇದೆಲ್ಲ ಕೂಲಿಯವರ ಮಾತು ಅನ್ನಿಸುತ್ತಿತ್ತು. ತನ್ನದು ಕಲೆ. ಅದರಲ್ಲೂ ಸತ್ತವರ ಚಿತ್ರ. ಕಣ್ಣೀರು ಒರೆಸಿಕೊಳ್ಳುತ್ತಿರುವವರ ಮುಂದೆ ನಿಂತು ಇಷ್ಟು ರೂಪಾಯಿ ಅನ್ನುವುದು ಹೇಗೆ?

ಅವನಿಗೆ ಕೆಲಸ ಕಲಿಸಿದ ಗುರಲಿಂಗಪ್ಪನಿಗೆ ಇಂಥ ನಾಚಿಕೆ ಇರಲಿಲ್ಲ. ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷ ಬೋರ್ಡು, ಭಾವಚಿತ್ರ ಬರೆದವನು. ಆರು ವರ್ಷ ಕಲಿತು ಪರಪ್ಪ ಸ್ವಂತಕ್ಕೆ ಕೆಲಸ ಹಿಡಿಯುತ್ತೇನೆಂದು ಹೊರಟಾಗ ಮುದುಕ ಎರಡೇ ಮಾತು ಹೇಳಿದ. "ಬಟ್ಟಿ ಬಣ್ಣದ ಖರ್ಚು ಹಿಡಿ. ದಿನದ ಕೂಲಿ ಹಿಡಿ. ಕೈಯಾಗಿನ ಕಸಬಿಗೆ ಅಂತ ಒಂದೀಟು ಹಿಡಿ. ಮೂರೂ ಕೂಡಿಸಿ ಮದ್ಲ ಹೇಳು, ಆಮ್ಯಾಲ ಬ್ರಶ್ಶು ಮುಟ್ಟು. ಮತ್ತ ಕಣ್ಣು ಕಡೀಕ ಬರಿ. ಬೆಲಿ ಗೊತ್ತಾಗದ ಚಿತ್ರದ ಕಣ್ಣು ತೆರೀಬ್ಯಾಡ."

"ತೆರದ್ರ ಏನಾಗ್ತದ್ರೀ?"

ಗುರಲಿಂಗಪ್ಪ ಬ್ರಶ್ಶು ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ. "ಬೆಲಿ ನೀ ಹೇಳದಿದ್ರ ಅವರು ಹೇಳ್ತಾರ. ಅವರು ಏನು ಕೊಡ್ತಾರ, ಏನು ತಗೋತಾರ, ಅದು ನಿನ್ನ ಕೈಯಾಗ ಇರೂದಿಲ್ಲ."

ಮುದುಕನಿಗೆ ದುಡ್ಡಿನ ಆಸೆ ಅಂದುಕೊಂಡ ಪರಪ್ಪ.

ಎಪ್ಪತ್ತೆರಡನೆಯ ಇಸವಿಯ ದೀಪಾವಳಿ ಕಳೆದ ವಾರ ಚೆಂಬೂರಿನಿಂದ ಒಂದು ಕಾರ್ಡು ಬಂತು. ಮಗನ ಚಿತ್ರ ಬರೆಸಬೇಕು, ಮನೆಗೇ ಬಂದು ಬರೆಯಬೇಕು ಎಂದು ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಪುಟ್ಟಲಕ್ಷ್ಮಿ ಎಂಬ ಹೆಸರು, ಒಂದು ಕಾಲೋನಿಯ ವಿಳಾಸ. ಪರಪ್ಪ ಸಾಯನ್ನಿನಲ್ಲಿ ಲೋಕಲ್ ಹಿಡಿದು, ಕುರ್ಲಾದಲ್ಲಿ ಗಾಡಿ ಬದಲಿಸಿ, ಹನ್ನೊಂದರ ಹೊತ್ತಿಗೆ ಅಲ್ಲಿ ಮುಟ್ಟಿದ. ಗಂಡಸರೆಲ್ಲ ಆಫೀಸಿಗೆ ಹೋದ ಮೇಲೆ ಆ ಕಾಲೋನಿಯಲ್ಲಿ ಒಂದು ನರಪಿಳ್ಳೆಯ ಸದ್ದೂ ಇರಲಿಲ್ಲ. ದೂರದಲ್ಲಿ ಎಣ್ಣೆ ಕಾರ್ಖಾನೆಯ ಕೊಳವೆಯ ತುದಿಯಲ್ಲಿ ಬೆಂಕಿ ಹಗಲಲ್ಲೇ ಉರಿಯುತ್ತಿತ್ತು.

ಪುಟ್ಟಲಕ್ಷ್ಮಿಗೆ ಐವತ್ತರ ಮೇಲಿರಬಹುದು. ನಂಜನಗೂಡಿನ ಕಡೆಯವರು. ಬಾಗಿಲು ತೆಗೆದವರು ಅವನ ಮುಖವನ್ನು ಬಹಳ ಹೊತ್ತು ನೋಡಿದರು, ಆಮೇಲೆ "ಬಾಪ್ಪ, ಬಾ" ಅಂದರು.

ಮಗನ ಹೆಸರು ನಂಜುಂಡ. ಇಪ್ಪತ್ಮೂರನೆಯ ವಯಸ್ಸಿಗೆ ಜ್ವರ ಬಂದು ತೀರಿಹೋಗಿದ್ದ, ಎರಡು ವರ್ಷವಾಗಿತ್ತು. ಇದ್ದದ್ದು ಒಂದೇ ಫೋಟೋ, ಕಾಲೇಜಿನಲ್ಲಿ ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡದ್ದು. ಮೂವತ್ತು ಮುಖ ಸ್ಪಷ್ಟವಾಗಿ ಬಂದಿದ್ದವು. ನಂಜುಂಡನದು ಮಾತ್ರ ಕಲೆಸಿಹೋಗಿತ್ತು.

"ಫೋಟೋ ತೆಗೆಯೋ ಹೊತ್ತಿಗೆ ಹಿಂದಿನಿಂದ ಯಾರೋ ಕರೆದರಂತೆ. ತಿರುಗಿಬಿಟ್ಟ," ಎಂದರು ಪುಟ್ಟಲಕ್ಷ್ಮಿ. "ಯಾರು ಕರೆದದ್ದು ಅಂತ ಅವನಿಗೂ ಗೊತ್ತಾಗಲಿಲ್ಲ."

ಮುಖವೇ ಇಲ್ಲದ ಫೋಟೋದಿಂದ ಏನು ಬರೆಯುವುದು? ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಎದ್ದು ಬರುತ್ತಿದ್ದರು. ಪರಪ್ಪನಿಗೆ ಆ ತಾಯಿಯನ್ನು ನೋಡಿ ಕರುಳು ಚುರುಕ್ ಅಂದಿತು. ನೀವು ಹೇಳುತ್ತಾ ಹೋಗಿ, ನಾನು ಬರೆಯುತ್ತಾ ಹೋಗುತ್ತೇನೆ ಎಂದ. ತನಗೆ ಬರುತ್ತದೋ ಇಲ್ಲವೋ ಅವರೇ ನೋಡಲಿ ಎಂದು ಅಲ್ಲೇ ಕುಳಿತು ಕಾಗದದ ಮೇಲೆ ಇದ್ದಲಿನಲ್ಲಿ ಒಂದು ನಮೂನೆ ಬರೆದ. ಫೋಟೋದಲ್ಲಿ ಕಂಡದ್ದು ಅಷ್ಟೇ ತಾನೇ, ಅದನ್ನೇ ಬರೆದ: ಒಬ್ಬ ಹುಡುಗ, ಯಾರೋ ಕರೆದದ್ದು ಕೇಳಿ ಕತ್ತು ತಿರುಗಿಸುತ್ತಿದ್ದಾನೆ. ಭುಜ, ಕತ್ತು, ತಿರುವಿನ ರಭಸ. ಇಡೀ ಒಂದು ದಿನ ಹಿಡಿಯಿತು, ಚೆನ್ನಾಗಿಯೂ ಬಂತು.

"ಇದಕ್ಕೆ ಏನು ಕೊಡಲಪ್ಪ?"

"ಅಯ್ಯ, ಇದು ನಮೂನಿ ಅಷ್ಟss ಅಮ್ಮಾರ. ಇದಕ್ಕೇನೂ ಬ್ಯಾಡ. ಸುಮ್ನ ಇಟ್ಕೋರಿ."

"ಸುಮ್ಮನೇನಾ?"

"ಸುಮ್ನರೀ."

"ಚಿತ್ರಕ್ಕೆ?"

"ನಿಮಗ ತಿಳದಷ್ಟು ಕೊಡ್ರಿ."

ಪುಟ್ಟಲಕ್ಷ್ಮಿ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಗೂಡಿಗೆ ಒಯ್ದು ದೀಪದ ಹಿಂದೆ ಇಟ್ಟರು. ಹೊರಗೆ ಬಂದಾಗ ಅವರ ಮುಖದ ಗಂಟು ಸಡಿಲವಾಗಿತ್ತು.

ಗೇಟಿನ ಬಳಿ ಅವರ ಗಂಡ ರಾಮಸ್ವಾಮಿ ಆಫೀಸಿನಿಂದ ಬರುತ್ತಿದ್ದವರು ಸಿಕ್ಕರು. ಕೋಟು ಹಾಕಿದ್ದ ಸಣಕಲು ಮನುಷ್ಯ. ಹೆಂಡತಿಗೆ ಕೇಳದ ಹಾಗೆ ದನಿ ತಗ್ಗಿಸಿ, "ಬೆಲೆ ಹೇಳಿದಿರಾ?" ಎಂದು ಕೇಳಿದರು. ಇಲ್ಲ ಎಂದಾಗ, "ಹೇಳಿಬಿಡಿ. ನಿಮಗಿಂತ ಮುಂಚೆ ಇಬ್ಬರು ಬಂದಿದ್ದರು. ಇಬ್ಬರೂ ಬೆಲೆ ಹೇಳಿದರು. ಅವಳು ಬೇಡ ಅಂತ ಕಳಿಸಿದಳು," ಎಂದು, ಮನೆಯ ಕಿಟಕಿಯ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಹೆಚ್ಚು ಕೇಳಿದವರಿಗೆ ಕೆಲಸ ಸಿಗಲಿಲ್ಲ ಎಂದು ಪರಪ್ಪ ಅರ್ಥಮಾಡಿಕೊಂಡ. ನಾಚಿಕೆಯ ಜನಕ್ಕೆ ಎಲ್ಲ ಮಾತೂ ತಮ್ಮ ನಾಚಿಕೆಯ ಪರವಾಗಿಯೇ ಕೇಳುತ್ತದೆ.

ಮರುದಿನದಿಂದ ಕೆಲಸ ಶುರುವಾಯಿತು. ನೋಡಿ ಬರೆಯಲು ಮುಖವಿಲ್ಲದಾಗ ಭಾವಚಿತ್ರದವರು ಮಾಡುವ ಒಂದು ಉಪಾಯವಿದೆ. ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ತಮ್ಮ ಮುಖದ ಮೇಲೆ ಬೆಳಕು ಹೇಗೆ ಬೀಳುತ್ತದೆ ನೋಡಿ ಮೂಗು, ತುಟಿ ನಿಲ್ಲಿಸುತ್ತಾರೆ. ಆಮೇಲೆ ತಿದ್ದುತ್ತಾರೆ. ಪರಪ್ಪನೂ ಹಾಗೇ ಮಾಡಿದ. ಪುಟ್ಟಲಕ್ಷ್ಮಿ ಹಿಂದೆ ಮಣೆಯ ಮೇಲೆ ಕೂತು ಹೇಳುತ್ತಿದ್ದರು. ಮೂಗು ನಿನ್ನ ಹಾಗೇ ಇತ್ತು, ಸರಿಯಾಗಿದೆ. ಗಲ್ಲ ಸ್ವಲ್ಪ ಚೂಪು. ಕಿವಿ ತಲೆಗೆ ಅಂಟಿಕೊಂಡ ಹಾಗಿರಬೇಕು.

ಅವನು ಚಿತ್ರದ ಕಿವಿಯನ್ನು ತಲೆಗೆ ಅಂಟಿಸಿದ. ನಾಲ್ಕನೆಯ ದಿನ ಕನ್ನಡಿಯಲ್ಲಿ ನೋಡಿದರೆ ತನ್ನ ಕಿವಿ ಯಾಕೋ ಸಣ್ಣದಾಗಿ ಕಂಡಿತು. ಕನ್ನಡಿ ಹಳೆಯದು ಅಂದುಕೊಂಡ.

ಮಧ್ಯಾಹ್ನ ಅವರು ಊಟ ಬಡಿಸುತ್ತಿದ್ದರು. ಅನ್ನ, ಹುಳಿ, ಮಜ್ಜಿಗೆ. ಬಣ್ಣ ಹತ್ತಿದೆ ಎಂದು ಅವನ ಅಂಗಿ ಬಿಚ್ಚಿಸಿ ಮಗನ ಅಂಗಿ ಕೊಟ್ಟರು, ಅಳತೆ ತೆಗೆದು ಹೊಲಿದಂತೆ ಕೂತಿತು. ಇನ್ನೊಂದು ದಿನ ಚಪ್ಪಲಿ. ಮತ್ತೊಂದು ದಿನ ಕೈಗಡಿಯಾರ. ಪರಪ್ಪ ಬೇಡಬೇಡವೆಂದರೆ ಅವರು ನಕ್ಕು, "ನನಗೆ ತಿಳಿದಷ್ಟು ಕೊಡ್ತಾ ಇದೀನಿ ಕಣಪ್ಪ. ನೀನೇ ಹೇಳಿದ್ಯಲ್ಲ," ಅನ್ನುತ್ತಿದ್ದರು. ಅದೂ ನಿಜವೇ. ಅವನು ಗಡಿಯಾರ ಕಟ್ಟಿಕೊಂಡ.

ಹತ್ತನೆಯ ದಿನ ಅವರು, "ಎಡಗಣ್ಣಿನ ಕೆಳಗೆ ಎಳ್ಳಿನಷ್ಟು ಒಂದು ಮಚ್ಚೆ," ಎಂದರು. ಸಣ್ಣ ಬ್ರಶ್ಶಿನ ತುದಿಯಿಂದ ಒಂದು ಚುಕ್ಕೆ ಇಟ್ಟ. ಸಂಜೆ ಖೋಲಿಗೆ ಬಂದಾಗ ಮಲ್ಲಕ್ಕ, "ಮಾರಿಗೆ ಬಣ್ಣ ಹತ್ತೈತಿ ನೋಡು," ಎಂದು ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಸೀಮೆಎಣ್ಣೆ ಹಚ್ಚಿ ತಿಕ್ಕಿದಳು. ಚರ್ಮ ಕೆಂಪಾಯಿತೇ ಹೊರತು ಚುಕ್ಕೆ ಅಲ್ಲೇ ಇತ್ತು. ಮಲ್ಲಕ್ಕ ಒರೆಸುವುದು ನಿಲ್ಲಿಸಿ ತಮ್ಮನ ಮುಖವನ್ನು ದೀಪದ ಕಡೆ ತಿರುಗಿಸಿ ನೋಡಿದಳು.

ಅವತ್ತು ಅವಳು ಮಾಡಿಟ್ಟ ಜೋಳದ ರೊಟ್ಟಿ ಅವನ ಗಂಟಲಲ್ಲಿ ಇಳಿಯಲಿಲ್ಲ. ಹುಟ್ಟಿದಾಗಿನಿಂದ ತಿಂದ ರೊಟ್ಟಿ. ಎರಡು ತುಣುಕು ನೀರಿನಲ್ಲಿ ನುಂಗಿ, "ಒಣಗಿದೆ, ಸೇರಲ್ಲ," ಎಂದ. ಆ ಧಾಟಿಯ ಕನ್ನಡ ಅವರ ಮನೆಯಲ್ಲಿ ಯಾರೂ ಆಡುವುದಿಲ್ಲ. ಮಲ್ಲಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ.

ಹದಿನಾರನೆಯ ದಿನದ ಸಂಜೆ ಅವಳು ಗಲ್ಲಿಯ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ತಮ್ಮ ಎದುರಿನಿಂದ ಬಂದ. ನಂಜುಂಡನ ಅಂಗಿ, ನಂಜುಂಡನ ಚಪ್ಪಲಿ, ಕೈಯಲ್ಲಿ ಗಡಿಯಾರ. "ಪರಪ್ಪಾ," ಎಂದಳು. ಅವನು ಅವಳನ್ನು ದಾಟಿ ಮುಂದಕ್ಕೆ ನಡೆದ. ಇನ್ನೂ ಜೋರಾಗಿ, "ಏ ಪರಪ್ಪಾ!" ಎಂದಳು. ನಲ್ಲಿಯ ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿದರು. ಅವನೊಬ್ಬನೇ ತಿರುಗಲಿಲ್ಲ. ತಮ್ಮದೇ ಖೋಲಿಯ ಬಾಗಿಲನ್ನೂ ದಾಟಿ ಹೋಗಿ, ಗಲ್ಲಿಯ ತುದಿಯಲ್ಲಿ ನಿಂತು, ಎಲ್ಲಿಗೆ ಬಂದೆ ಎಂಬಂತೆ ಸುತ್ತ ನೋಡಿದ. ಮಲ್ಲಕ್ಕ ಕೊಡ ಅಲ್ಲೇ ಬಿಟ್ಟು ಓಡಿಹೋಗಿ ಕೈಹಿಡಿದು ಕರೆತಂದಳು.

"ಎಷ್ಟಕ್ಕ ಮಾತಾಡಿದಿ ಆ ಚಿತ್ರಕ್ಕ?"

ಅವನು ತಲೆತಗ್ಗಿಸಿದ. ಬೆಲೆ ಮಾತಾಡಿಯೇ ಇಲ್ಲ ಎಂದು ಅವಳಿಗೆ ತಿಳಿಯಿತು. ಮರುದಿನ ನಾಕಾಕ್ಕೆ ಹೋಗದೆ, ತಮ್ಮ ಹೊರಟ ಮೇಲೆ ನೇರವಾಗಿ ಘಾಟ್ಕೋಪರಿಗೆ ಗುರಲಿಂಗಪ್ಪನ ಅಂಗಡಿಗೆ ಹೋದಳು. ಮುದುಕ ಕೇಳಿದ್ದು ಒಂದೇ ಪ್ರಶ್ನೆ: "ಕಣ್ಣು ಬರದಾನೇನು?"

"ಇವತ್ತು ಬರಿಯಾಂವ ಅದಾನ."

"ಹಂಗಾರ ಇಲ್ಲಿ ಯಾಕ ಕುಂತಿ? ಓಡು. ಅಂವ ಹೇಳದಿದ್ರ ನೀ ಹೇಳು. ರೊಕ್ಕ ಅವನ ಕೈಯಾಗ ಬೀಳಬೇಕು, ನಿನ್ನ ಕೈಯಾಗ ಅಲ್ಲ."

ಆ ಹೊತ್ತಿಗೆ ಚೆಂಬೂರಿನ ಮನೆಯಲ್ಲಿ ಪರಪ್ಪ ಚಿತ್ರದ ಮುಂದೆ ನಿಂತಿದ್ದ. ಕಣ್ಣಿನ ಜಾಗ ಎರಡು ಬಿಳಿ ಬಟ್ಟೆಯ ತುಣುಕಾಗಿ ಉಳಿದಿತ್ತು. ಉಳಿದದ್ದೆಲ್ಲ ಮುಗಿದಿತ್ತು. ಪಕ್ಕದ ಕನ್ನಡಿಯಲ್ಲಿ ಅದೇ ಮುಖ ಇತ್ತು, ಕಣ್ಣೂ ಇತ್ತು. ಅವನಿಗೆ ಭಯವಾಯಿತು. ಹಿಂದಿನ ಸಂಜೆ ಅಕ್ಕ ಕೈಹಿಡಿದು ಕರೆತಂದದ್ದು ನೆನಪಿತ್ತು, ಆದರೆ ಅಕ್ಕನ ಹೆಸರು ನೆನಪಿಗೆ ಬರಲು ಒಂದು ಗಳಿಗೆ ಬೇಕಾಯಿತು. ಇವತ್ತು ಬೆಲೆ ಹೇಳಿಯೇ ತೀರಬೇಕು ಎಂದು ರೈಲಿನಲ್ಲಿ ಬರುವಾಗ ನೂರು ಸಲ ಬಾಯಿಪಾಠ ಮಾಡಿದ್ದ. ಬಾಯಿ ತೆರೆದ.

"ಅಮ್ಮಾ, ಚಿತ್ರಕ್ಕೆ ಇನ್ನೂರು ರೂಪಾಯಿ ಆಗತ್ತೆ."

ದನಿ ಅವನದಲ್ಲ. ಮಾತೂ ಅವನದಲ್ಲ.

ಪುಟ್ಟಲಕ್ಷ್ಮಿಯ ಕಣ್ಣು ತುಂಬಿಬಂತು. "ಹೆತ್ತ ತಾಯಿ ಹತ್ತಿರ ಯಾರಾದರೂ ದುಡ್ಡು ಕೇಳ್ತಾರೇನೋ, ಮರಿ?"

ಅವನಿಗೆ ನಗು ಬಂತು. ನಿಜವಾಗಿಯೂ ತಮಾಷೆ ಅನ್ನಿಸಿತು, ಎಂಥ ಮಾತಾಡಿದೆ ನಾನು! ಇಬ್ಬರೂ ನಕ್ಕರು. ಭಯ ಎಲ್ಲಿ ಹೋಯಿತೋ ಹೋಯಿತು. ಮನೆಯಲ್ಲಿ ಒಗ್ಗರಣೆಯ ವಾಸನೆ ಇತ್ತು, ಕಿಟಕಿಯ ಹೊರಗೆ ಕಾರ್ಖಾನೆಯ ಬೆಂಕಿ ಬಿಸಿಲಿನಲ್ಲಿ ಅಲುಗುತ್ತಿತ್ತು, ಎಲ್ಲವೂ ಹುಟ್ಟಿದಾಗಿನಿಂದ ನೋಡಿದ್ದೇ. ಅವನು ಸಣ್ಣ ಬ್ರಶ್ಶು ತೆಗೆದುಕೊಂಡು ಕಪ್ಪು ಬಣ್ಣದಲ್ಲಿ ಅದ್ದಿದ.

ಬಾಗಿಲು ಬಡಿದ ಸದ್ದಾಯಿತು. ಪುಟ್ಟಲಕ್ಷ್ಮಿ ಏಳಲಿಲ್ಲ. "ನೀನು ಬರಿ, ಮರಿ," ಎಂದರು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮಲ್ಲಕ್ಕ ತಾನೇ ತಳ್ಳಿಕೊಂಡು ಒಳಗೆ ಬಂದಳು. ಕಾಲಿಗೆ ಧೂಳು, ಕೈಯಲ್ಲಿ ವಿಳಾಸದ ಆ ಕಾರ್ಡು, ಕಂಕುಳಲ್ಲಿ ತಮ್ಮನ ಹಳೆಯ ಅಂಗಿಯ ಗಂಟು. ಚಿತ್ರ ನೋಡಿದಳು, ತಮ್ಮನನ್ನು ನೋಡಿದಳು, ಗೋಡೆ ಹಿಡಿದು ನಿಂತಳು.

"ಕೈ ತಗಿ," ಎಂದಳು. ಅವನ ಕೈ ನಿಂತಿತು. ಅವಳು ಆ ಹೆಂಗಸಿನ ಕಡೆ ತಿರುಗಿದಳು. "ಬಾಯಾರ, ಈ ಕೆಲಸದ ಕಿಮ್ಮತ್ತು ಇನ್ನೂ ಆಗಿಲ್ಲ."

"ಅವನು ಕೇಳಲಿಲ್ಲಮ್ಮ. ನನಗೆ ತಿಳಿದಷ್ಟು ಕೊಡು ಅಂದ."

"ಅವಂಗ ಕೇಳಾಕ ಬರೂದಿಲ್ಲ. ನಾ ಕೇಳ್ತೀನಿ. ನಾ ಇಟ್ಟಂಗಿ ಹೊರಾಕಿ, ನನಗ ನಾಚಿಕಿ ಇಲ್ಲ." ಅವಳು ಬೆರಳು ಮಡಿಚಿದಳು. "ಬೋರ್ಡ್ ಬರಿಯಾಂವಂಗ ದಿನಕ್ಕ ಎಂಟು ರೂಪಾಯಿ. ಎಷ್ಟು ದಿನ ಬಂದೀಯೋ ತಮ್ಮಾ?"

ಅವನು ಕೈಯಲ್ಲಿನ ಬ್ರಶ್ಶನ್ನೇ ನೋಡುತ್ತಿದ್ದ. ಅವಳು ಬಂದು ಗದ್ದ ಹಿಡಿದು ಅಲುಗಾಡಿಸಿದಳು. "ನಿನ್ನ ದಿನ ಅವು. ನಿನಗss ಗೊತ್ತಿರಬೇಕು. ಎಷ್ಟು?"

ಲೆಕ್ಕ ಹಾಕುವುದಕ್ಕೆ ಅವನು ದಿನಗಳನ್ನು ಹಿಂದಕ್ಕೆ ನೆನೆಯಬೇಕಾಯಿತು. ಕುರ್ಲಾದ ಸೇತುವೆ, ಕೈಯಲ್ಲಿ ಬಣ್ಣದ ಪೆಟ್ಟಿಗೆ, ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ರೊಟ್ಟಿ. ಒಂದೊಂದಾಗಿ ನೆನಪಾದಂತೆ ಅವು ಅವನವೇ ಆದವು. "ಹದಿನೇಳು," ಎಂದ. ಆಮೇಲೆ, ಹಳೆಯ ಚಾಳಿ ಎಲ್ಲಿ ಬಿಡುತ್ತದೆ, ಕತ್ತು ಬಗ್ಗಿಸಿ, ಕಿವಿ ಕೆಂಪಾಗಿ, "ಅದರಾಗ ಮದ್ಲನೇ ದಿನ ನಮೂನಿ ಅಕ್ಕಾ. ಅದಕ್ಕ ರೊಕ್ಕ ಬ್ಯಾಡ," ಎಂದ.

ಅವನ ಮಾತು ಅವನ ಬಾಯಿಗೆ ಮರಳಿ ಬಂದದ್ದಕ್ಕೆ ಮಲ್ಲಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ, ಅವನು ಹೇಳಿದ್ದೇನು ಎಂಬುದು ಅವಳ ಕಿವಿಗೆ ಹೋಗಲಿಲ್ಲ. ಪುಟ್ಟಲಕ್ಷ್ಮಿಯ ಕಿವಿಗೆ ಹೋಯಿತು. "ಹೌದು, ಮೊದಲ ದಿನದ್ದು ಸುಮ್ಮನೆ," ಎಂದರು ಮೆಲ್ಲಗೆ.

"ಹದಿನಾರು ದಿನದ ಕೂಲಿ. ಬಟ್ಟಿ ಬಣ್ಣ. ಕಸಬಿಗಿಷ್ಟು. ಎಲ್ಲಾ ಕೂಡಿ ಇನ್ನೂರು," ಎಂದಳು ಮಲ್ಲಕ್ಕ. "ಅವನ ಕೈಯಾಗ ಕೊಡ್ರಿ."

ಪುಟ್ಟಲಕ್ಷ್ಮಿ ಚೌಕಾಸಿ ಮಾಡಲಿಲ್ಲ. ಅಕ್ಕಿ ಡಬ್ಬಿಯೊಳಗಿನಿಂದ ದುಡ್ಡು ತೆಗೆದು ಅವನ ಅಂಗೈಯಲ್ಲಿಟ್ಟರು. ನೋಟು ತಗುಲಿದ ಕೂಡಲೇ ಪರಪ್ಪನಿಗೆ ಮೈಮೇಲಿನ ಅಂಗಿ ಬಿಗಿ ಅನ್ನಿಸಿತು, ಕಂಕುಳಲ್ಲಿ ಹಿಡಿಯುತ್ತಿತ್ತು. ಬಿಚ್ಚಿ ಕೊಟ್ಟು ತನ್ನದು ಹಾಕಿಕೊಂಡ. ಚಪ್ಪಲಿ, ಗಡಿಯಾರ ಎಲ್ಲ ಅಲ್ಲೇ ಬಿಟ್ಟ.

ಹೊರಡುವಾಗ ಆ ತಾಯಿಯನ್ನು ನೋಡಿ ಮಲ್ಲಕ್ಕನಿಗೂ ಅಯ್ಯೋ ಅನ್ನಿಸಿತು. "ಕಣ್ಣು ಉಳದಾವ, ಬಾಯಾರ. ಬ್ಯಾರೆ ಯಾರ ಕಡೆಯಿಂದರ ಬರಸರಿ."

"ಕಣ್ಣು ಬೇಡ ಬಿಡಮ್ಮ," ಎಂದರು ಪುಟ್ಟಲಕ್ಷ್ಮಿ. ಅವರು ಚಿತ್ರದ ಕಡೆ ನೋಡುತ್ತಿರಲಿಲ್ಲ. ದೇವರ ಗೂಡಿನ ಕಡೆ ನೋಡುತ್ತಿದ್ದರು. "ನನಗೆ ಅಷ್ಟು ಸಾಕು."

ಒಂದು ವಾರದಲ್ಲಿ ಮಚ್ಚೆ ಮಾಸಿತು. ರೊಟ್ಟಿ ಇಳಿಯಿತು. ಪರಪ್ಪನಿಗೆ ಬುದ್ಧಿಯೂ ಬಂತು. ಬಂದ ಗಿರಾಕಿಯನ್ನು ಕೂರಿಸಿ, ಬಟ್ಟೆ ಬಣ್ಣ ಇಷ್ಟು, ನನ್ನ ದಿನ ಇಷ್ಟು, ನನ್ನ ಕೈಗೆ ಇಷ್ಟು ಎಂದು ಮುಖ ನೋಡಿ ಹೇಳತೊಡಗಿದ. ಒಪ್ಪದವರು ಎದ್ದು ಹೋದರು, ಅವನೂ ಬಿಟ್ಟ. ನಾಲ್ಕು ವರ್ಷದಲ್ಲಿ ಗುರಲಿಂಗಪ್ಪನ ಅಂಗಡಿಯ ಪಕ್ಕದಲ್ಲೇ ಅವನ ಹೆಸರಿನ ಬೋರ್ಡು ಎದ್ದಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನಮೂನೆಗೂ ದರ ಇದೆ, ಎಂದು ಬರೆದಿತ್ತು. ಜನ ಓದಿ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಯಾಕೆಂದರೆ ಒಂದು ಉಳಿದುಬಿಟ್ಟಿತ್ತು. ಯಾರಾದರೂ "ಪರಪ್ಪಾ" ಎಂದರೆ ಅವನು ಮೊದಲ ಕೂಗಿಗೆ ತಿರುಗುತ್ತಿರಲಿಲ್ಲ. ಕಿವಿ ಚೆನ್ನಾಗಿತ್ತು, ಕೂಗು ಕೇಳಿಸುತ್ತಲೂ ಇತ್ತು. ಆದರೆ ಕತ್ತು ಬರುತ್ತಿರಲಿಲ್ಲ. ಎರಡನೆಯ ಸಲ ಕರೆದರೆ ಎಲ್ಲರಂತೆ ತಿರುಗುತ್ತಿದ್ದ. ಮಂದಿ ಅವನಿಗೆ ಗರ್ವ ಬಂದಿದೆ ಅಂದರು. ಮಲ್ಲಕ್ಕ ಎರಡೆರಡು ಸಲ ಕರೆಯುವುದನ್ನು ರೂಢಿ ಮಾಡಿಕೊಂಡಳು.

ಸುಮ್ಮನೆ ಕೊಟ್ಟ ಆ ನಮೂನೆಯೇ ಕಾರಣ ಎಂದು ಹೊಳೆದ ದಿನವೇ ಅವನು ಚೆಂಬೂರಿಗೆ ಹೋಗಿದ್ದ, ಆ ಒಂದು ದಿನದ ದುಡ್ಡು ಕೇಳಿ ಪಡೆಯಲು. ಮನೆಯಲ್ಲಿ ಬೇರೆ ಯಾರೋ ಇದ್ದರು. ರಾಮಸ್ವಾಮಿಯವರು ರಿಟೈರ್ ಆದರು, ನಂಜನಗೂಡಿನ ಕಡೆ ಹೋದರು, ಯಾವ ಊರೋ ಗೊತ್ತಿಲ್ಲ ಎಂದರು. ಕಣ್ಣಿಲ್ಲದ ಚಿತ್ರವನ್ನು ಅಟ್ಟದ ಮೇಲೆ ಬಿಟ್ಟುಹೋಗಿದ್ದರು. ದೇವರ ಗೂಡು ಖಾಲಿಯಾಗಿತ್ತು, ದೀಪದ ಹಿಂದಿನ ಕಾಗದವೂ ಇರಲಿಲ್ಲ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಕುರ್ಲಾ ಸ್ಟೇಷನ್ನಿನ ಸೇತುವೆ ದಾಟುತ್ತಿದ್ದರು. ಮಲ್ಲಕ್ಕನ ಕೂದಲು ಅರ್ಧ ಬಿಳಿಯಾಗಿತ್ತು. ಅವನಿಗೆ ಹೆಣ್ಣು ನೋಡಿಕೊಂಡು ಬರುತ್ತಿದ್ದರು, ಅವಳು ಖುಷಿಯಿಂದ ಏನೋ ಹೇಳುತ್ತಿದ್ದಳು. ನೂಕುನುಗ್ಗಲಿನಲ್ಲಿ ಹಿಂದಿನಿಂದ ಯಾರೋ ವಯಸ್ಸಾದ ಹೆಂಗಸು ಕರೆದರು. ಜೋರಾಗೇನಲ್ಲ, ಊಟಕ್ಕೆ ಕರೆಯುವ ಹಾಗೆ.

"ನಂಜುಂಡಾ."

ಪರಪ್ಪ ತಿರುಗಿದ. ಒಂದೇ ಕೂಗಿಗೆ, ಭುಜ ಕತ್ತು ಒಟ್ಟಿಗೆ, ಆ ಇದ್ದಲಿನ ಕಾಗದದಲ್ಲಿ ತಾನು ಬರೆದುಕೊಟ್ಟ ರಭಸದಲ್ಲೇ ತಿರುಗಿದ. ಹಿಂದೆ ನೂರು ಮುಖಗಳಿದ್ದವು, ಯಾವುದೂ ಅವನನ್ನು ನೋಡುತ್ತಿರಲಿಲ್ಲ.

"ಪರಪ್ಪಾ," ಎಂದಳು ಮಲ್ಲಕ್ಕ. ಅವನ ತೋಳು ಹಿಡಿದು, "ಪರಪ್ಪಾ," ಎಂದಳು. ಮೂರನೆಯ ಸಲವೂ ಕರೆದಳು. ಆಗ ಅವನು ನಿಧಾನವಾಗಿ ಅವಳ ಕಡೆ ಮುಖ ಮಾಡಿದ. ಎಡಗಣ್ಣಿನ ಕೆಳಗೆ ಎಳ್ಳಿನಷ್ಟು ಚುಕ್ಕೆ ಇತ್ತು.

"ಎಂಟು ರೂಪಾಯಿ ಅಕ್ಕಾ," ಎಂದ ಅವನು, ಅಳುತ್ತ. "ಎಂಟss ರೂಪಾಯಿ ಕೇಳಾಕ ನಾಚಿಕೊಂಡೆ."